ಊರ ಬಸ್ಸು ಎಲ್ಲಿ ನಿಲ್ಲುತ್ತದೆ? ಬೆಂಗಳೂರು ದಾರಿಯ ನೂರರವತ್ತು ವರ್ಷಗಳ ಕಥೆ

ಬೆಂಗಳೂರು ಎಷ್ಟು ದೂರ ಅಂತ ಕೇಳಿದರೆ ನಮ್ಮ ಹಳ್ಳಿಗಳಲ್ಲಿ ಕಿಲೋಮೀಟರ್ ಲೆಕ್ಕ ಹೇಳುವವರು ಕಡಿಮೆ. ರಾತ್ರಿ ಊಟ ಮಾಡಿ ಬಸ್ ಹತ್ತಿದರೆ ಬೆಳಗಿನ ಜಾವ ಮೆಜೆಸ್ಟಿಕ್ ಅನ್ನುತ್ತೇವೆ. ಹತ್ತಿರದ ಜಿಲ್ಲೆಯವರಾದರೆ ಮೊದಲ ಬಸ್ಸಿಗೆ ಹೊರಟು ಕೊನೆಯ ಬಸ್ಸಿಗೆ ವಾಪಸ್ ಅನ್ನುತ್ತಾರೆ. ಮೆಜೆಸ್ಟಿಕ್ ಮುಟ್ಟಿದರೆ ಬೆಂಗಳೂರು ಮುಟ್ಟಿದ ಹಾಗೆ ಅನ್ನುವುದು ನಮ್ಮ ಲೆಕ್ಕ.

ಆದರೆ ಕಿದ್ವಾಯಿ ಆಸ್ಪತ್ರೆಗೆ ತಾಯಿಯನ್ನು ಕರೆದುಕೊಂಡು ಹೋಗುವ ಮಗಳಿಗೆ ಅಲ್ಲಿಂದ ಇನ್ನೊಂದು ಪ್ರಯಾಣ ಬಾಕಿ ಇರುತ್ತದೆ. ಪೀಣ್ಯದ ಫ್ಯಾಕ್ಟರಿಗೆ ಕೆಲಸಕ್ಕೆ ಸೇರಲು ಬಂದ ಹುಡುಗನಿಗೂ, ಸರ್ಕಾರಿ ಕಚೇರಿಯಲ್ಲಿ ಫೈಲು ಹುಡುಕಿಕೊಂಡು ಬಂದ ರೈತನಿಗೂ ಅಷ್ಟೇ. ಊರಿಂದ ಬಂದ ಮುನ್ನೂರು ಕಿಲೋಮೀಟರಿಗಿಂತ ಈ ಕೊನೆಯ ಹತ್ತು ಕಿಲೋಮೀಟರೇ ಹೆಚ್ಚು ಹೆದರಿಸುತ್ತದೆ. ಯಾವ ಬಸ್ಸು, ಎಷ್ಟನೇ ಪ್ಲಾಟ್‌ಫಾರಂ, ಎಲ್ಲಿ ಇಳಿಯಬೇಕು ಅನ್ನುವುದೇ ಚಿಂತೆ.

ಬೆಂಗಳೂರಿಗೆ ಮೊದಲ ರೈಲು ಬಂದ ದಿನದಿಂದ ಇಲ್ಲಿಯವರೆಗಿನ ಕಥೆಯನ್ನು ನಾವು ಒಂದೇ ಪ್ರಶ್ನೆ ಇಟ್ಟುಕೊಂಡು ನೋಡಿದ್ದೇವೆ. ಊರಿಂದ ಹೊರಟ ಗಾಡಿ ನಗರದ ಯಾವ ಜಾಗದಲ್ಲಿ ನಮ್ಮನ್ನು ಇಳಿಸುತ್ತದೆ? ನಗರ ನಮಗೆ ಹತ್ತಿರವೋ ದೂರವೋ ಅನ್ನುವುದು ಆ ಜಾಗದ ಮೇಲೆ ನಿಂತಿದೆ. ಆ ಜಾಗ ಹಲವು ಸಲ ಬದಲಾಗಿದೆ. ಈಗ ಮತ್ತೆ ಬದಲಾಗುತ್ತಿದೆ.

ಊರುಗಳ ಹೆಸರಿನ ಬಾಗಿಲುಗಳು

ಹಳೆಯ ಬೆಂಗಳೂರು ಪೇಟೆಗೆ ಕೋಟೆ ಗೋಡೆ ಇತ್ತು, ಗೋಡೆಯಲ್ಲಿ ಬಾಗಿಲುಗಳಿದ್ದವು. ಅವುಗಳ ಹೆಸರು ಕೇಳಿ: ಯಲಹಂಕ ಬಾಗಿಲು, ಹಲಸೂರು ಬಾಗಿಲು, ಕೆಂಗೇರಿ ಬಾಗಿಲು, ಆನೇಕಲ್ ಬಾಗಿಲು. ಒಂದೂ ರಾಜನ ಹೆಸರಲ್ಲ, ದೇವರ ಹೆಸರಲ್ಲ. ಆ ಬಾಗಿಲಿಂದ ಹೊರಟ ದಾರಿ ಯಾವ ಊರಿಗೆ ಹೋಗುತ್ತದೋ ಆ ಊರಿನ ಹೆಸರು. ಇವತ್ತು ಬಸ್ಸಿನ ಹಣೆಗೆ ಬೋರ್ಡು ಹಾಕುತ್ತಾರಲ್ಲ, ಆಗ ಬಾಗಿಲಿಗೇ ಬೋರ್ಡು ಹಾಕಿದ್ದರು ಅಂದುಕೊಳ್ಳಿ. ಗೋಡೆ ಹೋಯಿತು, ಬಾಗಿಲೂ ಹೋದವು. ಹಲಸೂರು ಗೇಟ್ ಅನ್ನುವ ಹೆಸರು ಮಾತ್ರ ಪೊಲೀಸ್ ಠಾಣೆಯ ಬೋರ್ಡಿನಲ್ಲಿ ಇನ್ನೂ ಉಳಿದಿದೆ.

ಬಾಗಿಲ ಒಳಗೆ ಅರಳೆಪೇಟೆ, ಅಕ್ಕಿಪೇಟೆ, ರಾಗಿಪೇಟೆ, ಬಳೇಪೇಟೆ, ತರಗುಪೇಟೆ. ಹಳ್ಳಿಯಿಂದ ಏನು ಬರುತ್ತದೋ, ಹಳ್ಳಿಗೆ ಏನು ಹೋಗುತ್ತದೋ ಅದರ ಹೆಸರೇ ಬೀದಿಗೆ. ಎತ್ತಿನ ಗಾಡಿ ಹೊಡೆದುಕೊಂಡು ಬಂದವನು ಬಾಗಿಲು ದಾಟಿ ಸೀದಾ ತನ್ನ ಮಾಲು ಮಾರುವ ಬೀದಿಗೇ ಹೋಗುತ್ತಿದ್ದ. ಊರಿನ ಗಾಡಿ, ನಗರದ ಗಾಡಿ ಅನ್ನುವ ಭೇದವಿರಲಿಲ್ಲ. ಪೇಟೆಯ ಒಂದು ತುದಿಯಿಂದ ಇನ್ನೊಂದು ತುದಿಗೆ ನಡೆದೇ ಹೋಗಬಹುದಿತ್ತು. ಊರಿಂದ ಬರುವುದಕ್ಕೆ ದಿನಗಟ್ಟಲೆ ಹಿಡಿಯುತ್ತಿತ್ತು, ನಿಜ. ಆದರೆ ಬಂದ ಮೇಲೆ ನಗರ ಕೈಗೆಟುಕುತ್ತಿತ್ತು.

ರೈಲು ಬಂತು, ನಮ್ಮ ಕಡೆಗಲ್ಲ

1809ರಲ್ಲಿ ಬ್ರಿಟಿಷರು ಶ್ರೀರಂಗಪಟ್ಟಣದಲ್ಲಿದ್ದ ತಮ್ಮ ಸೈನ್ಯವನ್ನು ಬೆಂಗಳೂರಿಗೆ ತಂದರು. ಪೇಟೆಯ ಪೂರ್ವಕ್ಕೆ ದಂಡು ಪ್ರದೇಶ ಹುಟ್ಟಿತು. ಅಲ್ಲಿಂದ ಬೆಂಗಳೂರು ಎರಡು ಊರಾಯಿತು: ಒಂದು ಪೇಟೆ, ಇನ್ನೊಂದು ದಂಡು.

1864ರಲ್ಲಿ ಮೊದಲ ರೈಲು ಬಂದದ್ದು ದಂಡಿಗೆ. ಮದ್ರಾಸ್ ರೈಲ್ವೆಯವರು ಜೋಲಾರ್‌ಪೇಟೆಯಿಂದ ಹಳಿ ಎಳೆದು ಕಂಟೋನ್ಮೆಂಟ್ ನಿಲ್ದಾಣಕ್ಕೆ ತಂದು ನಿಲ್ಲಿಸಿದರು. ಸೈನ್ಯಕ್ಕೆ, ಸಾಹೇಬರಿಗೆ, ಮದ್ರಾಸಿನ ವ್ಯಾಪಾರಕ್ಕೆ ಅದು ಬೇಕಿತ್ತು. ಮಂಡ್ಯ, ತುಮಕೂರು, ಹಾಸನದ ಕಡೆಯವರಿಗೆ ಅದರಿಂದ ಆದದ್ದು ಅಷ್ಟಕ್ಕಷ್ಟೆ.

ಇದರ ಬೆಲೆ ಗೊತ್ತಾದದ್ದು 1876-78ರ ಬರದಲ್ಲಿ. ನಮ್ಮ ಹಿರಿಯರು ಧಾತು ಸಂವತ್ಸರದ ಬರ ಅಂತ ನೆನೆಯುತ್ತಿದ್ದದ್ದು ಅದನ್ನೇ. ಮದ್ರಾಸಿನಿಂದ ಧಾನ್ಯ ರೈಲಿನಲ್ಲಿ ಬೆಂಗಳೂರಿನವರೆಗೆ ಬರುತ್ತಿತ್ತು. ಮುಂದಕ್ಕೆ ಎತ್ತಿನ ಗಾಡಿಯೇ ಗತಿ. ಮೇವು ನೀರಿಲ್ಲದೆ ಎತ್ತುಗಳೂ ಸಾಯುತ್ತಿದ್ದ ಕಾಲ ಅದು. 1871ರಲ್ಲಿ ಮೈಸೂರು ಸಂಸ್ಥಾನದ ಜನಸಂಖ್ಯೆ ಸುಮಾರು 50 ಲಕ್ಷ ಇತ್ತು. 1881ರ ಗಣತಿಯಲ್ಲಿ ಅದು ಸುಮಾರು 42 ಲಕ್ಷಕ್ಕೆ ಇಳಿದಿತ್ತು. ರೈಲು ಎಲ್ಲಿಗೆ ಬಂದು ನಿಲ್ಲುತ್ತದೆ ಅನ್ನುವುದು ಅನ್ನದ ಪ್ರಶ್ನೆಯೂ ಹೌದು ಅಂತ ಆ ಬರ ತೋರಿಸಿಕೊಟ್ಟಿತು.

ಬೆಂಗಳೂರು-ಮೈಸೂರು ರೈಲು ದಾರಿಯ ಮಣ್ಣಿನ ಕೆಲಸ ಶುರುವಾದದ್ದು ಬರ ಪರಿಹಾರದ ಕಾಮಗಾರಿಯಾಗಿಯೇ. ಹಸಿದವರೇ ಹಳಿಯ ದಾರಿ ಅಗೆದರು. 1882ರ ವೇಳೆಗೆ ಮೀಟರ್ ಗೇಜ್ ರೈಲು ಕೆಂಗೇರಿ, ಬಿಡದಿ, ಚನ್ನಪಟ್ಟಣ, ಮದ್ದೂರು, ಮಂಡ್ಯ ದಾಟಿ ಮೈಸೂರು ಮುಟ್ಟಿತು. 1884ರಲ್ಲಿ ತುಮಕೂರಿಗೂ ರೈಲು ಬಂತು. ಇವು ಹೊರಡುವ ಸಿಟಿ ರೈಲ್ವೆ ನಿಲ್ದಾಣ ಪೇಟೆಯ ಪಶ್ಚಿಮದ ಅಂಚಿನಲ್ಲಿ, ಧರ್ಮಾಂಬುಧಿ ಕೆರೆಯ ಬಳಿ ತಲೆ ಎತ್ತಿತು. ಈಗ ಅದೇ ಕ್ರಾಂತಿವೀರ ಸಂಗೊಳ್ಳಿ ರಾಯಣ್ಣ ನಿಲ್ದಾಣ.

ದಂಡಿಗೆ ಒಂದು ನಿಲ್ದಾಣ, ಪೇಟೆಗೆ ಒಂದು ನಿಲ್ದಾಣ. ಕನ್ನಡದ ಹಳ್ಳಿಗಳಿಂದ ಬಂದವರು ಇಳಿದದ್ದು ಹೆಚ್ಚಾಗಿ ಪೇಟೆಯ ಕಡೆ. ಮೆಜೆಸ್ಟಿಕ್ ನಮ್ಮ ಜಾಗ ಆದ ಕಥೆಯ ಬೇರು ಇಲ್ಲಿದೆ.

ಗುಬ್ಬಿಯ ವ್ಯಾಪಾರಿಯ ಛತ್ರ

ರೈಲು ಇಳಿದವರು ರಾತ್ರಿ ಎಲ್ಲಿ ಮಲಗಬೇಕು? ಲಾಡ್ಜ್ ಅನ್ನುವ ಮಾತೇ ಇಲ್ಲದ ಕಾಲ. ನೆಂಟರಿದ್ದರೆ ಸರಿ, ಇಲ್ಲದಿದ್ದರೆ ಜಗಲಿಯೇ ಗತಿ.

ಇದನ್ನು ಕಂಡ ಒಬ್ಬರು ಗುಬ್ಬಿ ತೋಟದಪ್ಪ. ತುಮಕೂರು ಜಿಲ್ಲೆಯ ಗುಬ್ಬಿಯಿಂದ ಬೆಂಗಳೂರಿಗೆ ಬಂದು ವ್ಯಾಪಾರದಲ್ಲಿ ದುಡಿದವರು. ದುಡಿದದ್ದನ್ನು ಧರ್ಮಕ್ಕೆ ಬರೆದರು. 1900ರ ದಶಕದ ಆರಂಭದಲ್ಲಿ ಅವರ ಛತ್ರ ಸಿಟಿ ರೈಲ್ವೆ ನಿಲ್ದಾಣದ ಎದುರಿಗೇ ಎದ್ದು ನಿಂತಿತು. ಊರಿಂದ ಬಂದವರು ಗಂಟು ಇಳಿಸಿ ತಂಗಲು ಛತ್ರ, ಓದಲು ಬಂದ ಹಳ್ಳಿಯ ಹುಡುಗರಿಗೆ ವಿದ್ಯಾರ್ಥಿನಿಲಯ. ಆ ರಸ್ತೆಗೆ ಇವತ್ತೂ ಅವರದೇ ಹೆಸರು.

ಛತ್ರ ಕಟ್ಟಲು ತೋಟದಪ್ಪನವರು ಆರಿಸಿದ ಜಾಗವನ್ನು ಗಮನಿಸಬೇಕು. ಊರ ಹೊರಗೆ ಅಗ್ಗದ ಜಮೀನು ಹುಡುಕಿಕೊಂಡು ಹೋಗಲಿಲ್ಲ. ರೈಲಿಂದ ಇಳಿದವನು ಗಂಟು ಹೊತ್ತು ನಡೆಯಬಹುದಾದ ದೂರದಲ್ಲಿ ಕಟ್ಟಿದರು. ಆತ ಸ್ವತಃ ಹಳ್ಳಿಗಾಡಿನಿಂದ ಬಂದವರು, ಇಳಿದವರ ಕಷ್ಟ ಗೊತ್ತಿತ್ತು. ನೂರು ವರ್ಷದ ನಂತರ ಬಸ್ ನಿಲ್ದಾಣ ಕಟ್ಟಿದವರು ಎಲ್ಲ ಸಲವೂ ಇಷ್ಟು ಯೋಚಿಸಲಿಲ್ಲ. ಅದನ್ನು ಮುಂದೆ ನೋಡೋಣ.

ಇದ್ದಿಲು ಬಸ್ಸಿನಿಂದ ಗೌರ್ಮೆಂಟ್ ಬಸ್ಸಿಗೆ

ರೈಲು ಹಳಿ ಇದ್ದ ಕಡೆ ಮಾತ್ರ ಹೋಗುತ್ತದೆ. ಹಳಿ ಇಲ್ಲದ ಊರಿಗೆ ದಾರಿ ತೆರೆದದ್ದು ಬಸ್ಸು. ಮೊದಲು ಬಂದವರು ಖಾಸಗಿ ಮೋಟಾರಿನವರು. ಎರಡನೇ ಮಹಾಯುದ್ಧದ ಕಾಲದಲ್ಲಿ ಪೆಟ್ರೋಲ್ ಸಿಗದಾದಾಗ ಇದ್ದಿಲಿನ ಗ್ಯಾಸಿನಿಂದ ಓಡುವ ಬಸ್ಸು ಬಂತು. ಬಸ್ಸಿಗೆ ಒಲೆಯಂಥ ದೊಡ್ಡ ಡಬ್ಬ ಕಟ್ಟಿ, ಇದ್ದಿಲು ತುಂಬಿ, ತಿದಿ ತಿರುಗಿಸಿ ಕಾವು ಏರಿಸಿದ ಮೇಲೆ ಬಸ್ಸು ಹೊರಡುತ್ತಿತ್ತು. ಏರು ಬಂದರೆ ಜನ ಇಳಿದು ತಳ್ಳಬೇಕು ಅನ್ನುವ ಕಥೆಗಳನ್ನು ನಮ್ಮ ಅಜ್ಜಂದಿರ ಕಾಲದವರು ಹೇಳುತ್ತಿದ್ದರು. ಬಸ್ಸು ತುಂಬಿದಾಗ ಹೊರಡುವುದು, ಲಾಭವಿರುವ ಊರಿಗೆ ಮಾತ್ರ ಹೋಗುವುದು ಖಾಸಗಿಯವರ ರೀತಿ.

1948ರ ಸೆಪ್ಟೆಂಬರ್ 12ರಂದು ಮೈಸೂರು ಸರ್ಕಾರದ ರಸ್ತೆ ಸಾರಿಗೆ ಇಲಾಖೆ 120 ಬಸ್ಸುಗಳೊಂದಿಗೆ ಶುರುವಾಯಿತು. ಸ್ವಾತಂತ್ರ್ಯ ಬಂದು ಇನ್ನೂ ಒಂದು ವರ್ಷ ಕಳೆದಿತ್ತಷ್ಟೆ. 1961ರ ಆಗಸ್ಟ್ 1ರಂದು ಅದು ನಿಗಮವಾಯಿತು. ರಾಜ್ಯಕ್ಕೆ 1973ರಲ್ಲಿ ಕರ್ನಾಟಕ ಅನ್ನುವ ಹೆಸರು ಬಂದ ಮೇಲೆ ನಾವೆಲ್ಲ ಬಲ್ಲ ಕೆಎಸ್‌ಆರ್‌ಟಿಸಿ ಆಯಿತು.

ಹಳ್ಳಿಯವರು ಅದನ್ನು ಗೌರ್ಮೆಂಟ್ ಬಸ್ಸು, ಕೆಂಪು ಬಸ್ಸು ಅಂತ ಕರೆದರು. ಜನ ತುಂಬಲಿ ಬಿಡಲಿ, ಹೊತ್ತಿಗೆ ಸರಿಯಾಗಿ ಹೊರಡುವ ಬಸ್ಸು ಅನ್ನುವುದೇ ಆಗ ಹೊಸದು. ಊರಿನ ಗಡಿಯಾರ ಅದಾಯಿತು. ಮೊದಲ ಬಸ್ಸು ಬಂತು, ಎದ್ದೇಳಿ ಅನ್ನುವ ಮಾತು ಎಷ್ಟೋ ಮನೆಗಳಲ್ಲಿ ಇವತ್ತಿಗೂ ಇದೆ. ಬಸ್ಸಿನ ಟಾಪ್ ಮೇಲೆ ತರಕಾರಿ ಮೂಟೆ, ಹೂವಿನ ಬುಟ್ಟಿ, ಕೋಳಿ ಪಂಜರ ಬೆಂಗಳೂರಿಗೆ ಹೋದವು. ಬರುವಾಗ ಗೊಬ್ಬರ, ಬಟ್ಟೆ, ಔಷಧಿ ಬಂದವು. ಬೀದಿಯ ಹೆಸರು ಬದಲಾಗಿತ್ತು, ವ್ಯಾಪಾರ ಮಾತ್ರ ಪೇಟೆಯ ಬಾಗಿಲಿನ ಕಾಲದ್ದೇ.

ರಾಜಧಾನಿ ಬದಲಾದ ಜಿಲ್ಲೆಗಳು

ಹಳೆ ಮೈಸೂರಿನ ಕಥೆಯನ್ನು ಇಡೀ ಕರ್ನಾಟಕದ ಕಥೆ ಅಂದುಕೊಂಡರೆ ಅರ್ಧವಷ್ಟೇ ಹೇಳಿದಂತೆ.

ಬೀದರ್, ಕಲಬುರಗಿ, ರಾಯಚೂರು ಆಗ ಹೈದರಾಬಾದ್ ನಿಜಾಮನ ಆಳ್ವಿಕೆಯಲ್ಲಿದ್ದವು. ಅಲ್ಲಿ ನಿಜಾಮನ ರೈಲ್ವೆಯೇ 1932ರಲ್ಲಿ ಬಸ್ಸು ಬಿಟ್ಟಿತ್ತು. ಬೆಳಗಾವಿ, ಧಾರವಾಡ, ವಿಜಯಪುರ, ಉತ್ತರ ಕನ್ನಡ ಮುಂಬಯಿ ಪ್ರಾಂತ್ಯದಲ್ಲಿದ್ದವು. ಅಲ್ಲಿಯವರಿಗೆ ಪಟ್ಟಣ ಅಂದರೆ ಹೈದರಾಬಾದ್, ಸೊಲ್ಲಾಪುರ, ಕೊಲ್ಹಾಪುರ, ಪುಣೆ. ದಾರಿಗಳೂ ಆ ಕಡೆಗೇ ಹರಿದಿದ್ದವು.

1956ರ ನವೆಂಬರ್ 1ರಂದು ರಾಜ್ಯ ಒಂದಾಯಿತು. ಮನಸ್ಸು ಒಂದಾದಷ್ಟು ಬೇಗ ರಸ್ತೆ ಒಂದಾಗಲಿಲ್ಲ. ಬೀದರಿನವರಿಗೆ ಹೈದರಾಬಾದ್ ಸುಮಾರು 150 ಕಿಲೋಮೀಟರ್, ರಾಜಧಾನಿ ಬೆಂಗಳೂರು ಸುಮಾರು 700 ಕಿಲೋಮೀಟರ್. ದಾಖಲೆಗೆ ಒಂದು ಸಹಿ ಬೇಕೆಂದರೂ ಒಂದು ರಾತ್ರಿ ಹೋಗಲು, ಒಂದು ರಾತ್ರಿ ಬರಲು. ಆ ಕಡೆಯ ಜಿಲ್ಲೆಗಳಿಗೆ ಆಮೇಲೆ ಪ್ರತ್ಯೇಕ ನಿಗಮಗಳು ಬಂದವು. 1997ರಲ್ಲಿ ವಾಯವ್ಯ ಕರ್ನಾಟಕದ್ದು, 2000ದಲ್ಲಿ ಈಶಾನ್ಯ ಕರ್ನಾಟಕದ್ದು. ಎರಡನೆಯದರ ಹೆಸರು ಈಗ ಕಲ್ಯಾಣ ಕರ್ನಾಟಕ. ಬಸ್ಸಿನ ಬಣ್ಣ, ನಿಗಮದ ಹೆಸರು ಬದಲಾದರೂ ಬೋರ್ಡಿನ ಮೇಲಿನ ಕೊನೆಯ ಹೆಸರು ಮಾತ್ರ ಅದೇ: ಬೆಂಗಳೂರು.

ರಾತ್ರಿಯಿಡೀ ಕೂತು ಬಂದವನಿಗೆ ಬೆಳಗಿನ ಜಾವ ನಾಲ್ಕೂವರೆಗೆ ಎಲ್ಲಿ ಇಳಿಸುತ್ತಾರೆ ಅನ್ನುವುದು ಸಣ್ಣ ವಿಷಯವಲ್ಲ. ದೂರದಿಂದ ಬಂದಷ್ಟೂ ಅದು ದೊಡ್ಡದಾಗುತ್ತದೆ.

ಊರೊಳಗಿನ ಬಸ್ಸು

ಈಗ ನಗರದ ಒಳಗಿನ ಓಡಾಟಕ್ಕೆ ಬರೋಣ. ಬಹಳ ಕಾಲ ಅಲ್ಲಿದ್ದದ್ದು ಜಟಕಾ, ಸೈಕಲ್ಲು, ಕಾಲ್ನಡಿಗೆ. 1940ರಲ್ಲಿ ಬೆಂಗಳೂರು ಟ್ರಾನ್ಸ್‌ಪೋರ್ಟ್ ಕಂಪನಿ 98 ಬಸ್ಸುಗಳೊಂದಿಗೆ ಶುರುವಾಯಿತು. ಆಗ ನಗರದ ಜನಸಂಖ್ಯೆ ಸುಮಾರು 4 ಲಕ್ಷ. 1956ರಲ್ಲಿ ಸರ್ಕಾರ ಅದನ್ನು ತನ್ನ ಕೈಗೆ ತೆಗೆದುಕೊಂಡಿತು. ಅದೇ ಬಿಟಿಎಸ್.

ಬಿಟಿಎಸ್ ಅಂದರೆ "ಬಿಟ್ರೆ ತಿರ್ಗ ಸಿಗಲ್ಲ" ಅಂತ ಜನ ತಮಾಷೆ ಮಾಡುತ್ತಿದ್ದರು. ತಮಾಷೆಯ ಹಿಂದೆ ನಿಜವೂ ಇತ್ತು. ನಗರ ಬೆಳೆದಷ್ಟು ಬಸ್ಸು ಬೆಳೆಯಲಿಲ್ಲ. 1997ರ ಆಗಸ್ಟ್ 15ರಂದು ಬಿಟಿಎಸ್ ಬೇರೆಯಾಗಿ ಬಿಎಂಟಿಸಿ ಆಯಿತು. ಈಗ ಅದರ ಹತ್ತಿರ ಆರು ಸಾವಿರಕ್ಕೂ ಹೆಚ್ಚು ಬಸ್ಸುಗಳಿವೆ.

ಸಿಟಿ ಬಸ್ಸುಗಳಿಗೆ ಮೂರು ದೊಡ್ಡ ತಾಣಗಳು: ಮೆಜೆಸ್ಟಿಕ್, ಕೆ.ಆರ್. ಮಾರುಕಟ್ಟೆ, ಶಿವಾಜಿನಗರ. ಮೊದಲ ಎರಡು ಹಳೆಯ ಪೇಟೆಯ ಕಡೆ, ಮೂರನೆಯದು ಹಳೆಯ ದಂಡಿನ ಕಡೆ. ಎರಡು ನಗರಸಭೆಗಳು 1949ರಲ್ಲೇ ಒಂದಾದರೂ ಬಸ್ಸಿನ ನಕ್ಷೆಯಲ್ಲಿ ಎರಡು ಊರು ಉಳಿದುಕೊಂಡೇ ಇವೆ.

ಕೆ.ಆರ್. ಮಾರುಕಟ್ಟೆ ಕಟ್ಟಿದ್ದು 1921ರಲ್ಲಿ. ಅದರ ಪಕ್ಕದಲ್ಲೇ 1900ರಲ್ಲಿ ತೆರೆದ ವಿಕ್ಟೋರಿಯಾ ಆಸ್ಪತ್ರೆ. ಅಲ್ಲೇ ಸಮೀಪದಲ್ಲಿ ಖಾಸಗಿ ಬಸ್ಸುಗಳ ಹಳೆಯ ತಾಣ ಕಲಾಸಿಪಾಳ್ಯ. ಹೂವು ಮಾರಲು ಬಂದವರಿಗೆ, ಆಸ್ಪತ್ರೆಗೆ ಬಂದವರಿಗೆ, ಬಸ್ಸಿಂದ ಇಳಿದವರಿಗೆ ಎಲ್ಲವೂ ನಡೆದು ಹೋಗುವಷ್ಟು ಹತ್ತಿರ. ಆಮೇಲೆ ಕಟ್ಟಿದ ದೊಡ್ಡ ಆಸ್ಪತ್ರೆಗಳು ಹೊಸೂರು ರಸ್ತೆ, ಬನ್ನೇರುಘಟ್ಟ ರಸ್ತೆಗಳಿಗೆ ಹೋದವು. ಕಿದ್ವಾಯಿ, ನಿಮ್ಹಾನ್ಸ್, ಜಯದೇವ, ಮೂರಕ್ಕೂ ಮೆಜೆಸ್ಟಿಕ್‌ನಲ್ಲಿ ಇಳಿದು ಇನ್ನೊಂದು ಬಸ್ಸು ಹಿಡಿಯಲೇಬೇಕು.

ಹೊಸಬರಿಗೆ ಇಲ್ಲಿ ಆಸರೆಯಾದದ್ದು ಬಸ್ಸಿನ ನಂಬರು. ಓದಲು ಬಾರದವರೂ ನಂಬರು ನೆನಪಿಟ್ಟುಕೊಂಡು ಬೆಂಗಳೂರು ಸುತ್ತಿದ್ದಾರೆ. ಬನ್ನೇರುಘಟ್ಟಕ್ಕೆ 365, ಕಾಡುಗೋಡಿಗೆ 335ಇ. ಇವನ್ನು ಫೋನ್ ನಂಬರಿನಂತೆ ಬಾಯಿಪಾಠ ಮಾಡಿಕೊಂಡವರಿದ್ದಾರೆ. ನಗರ ಹೊರಕ್ಕೆ ಹಬ್ಬಿ ಹೊರ ವರ್ತುಲ ರಸ್ತೆ ಬಂದ ಮೇಲೆ 500ರ ಸಾಲಿನ ನಂಬರುಗಳು ಬಂದವು. ಹೆಬ್ಬಾಳದಿಂದ ಸಿಲ್ಕ್ ಬೋರ್ಡ್ ಕಡೆಗೆ ಹೋಗುವ 500ಡಿ ಅಂಥದ್ದು. ಈ ಬಸ್ಸುಗಳು ಮೆಜೆಸ್ಟಿಕ್ ಮುಟ್ಟುವುದೇ ಇಲ್ಲ. ನಗರದ ಕೆಲಸಗಳು ನಾವು ಇಳಿಯುವ ಜಾಗದಿಂದ ದೂರ ಸರಿಯುತ್ತಿವೆ ಅನ್ನುವುದಕ್ಕೆ ಆ ನಂಬರೇ ಸಾಕ್ಷಿ.

ಕೆರೆಯ ಮೇಲೆ ನಿಂತ ಮೆಜೆಸ್ಟಿಕ್

ಕೆಂಪೇಗೌಡ ಬಸ್ ನಿಲ್ದಾಣ ನಿಂತಿರುವುದು ಧರ್ಮಾಂಬುಧಿ ಕೆರೆಯ ಅಂಗಳದಲ್ಲಿ. ಒಂದು ಕಾಲದಲ್ಲಿ ಪೇಟೆಗೆ ನೀರು ಕೊಟ್ಟ ಕೆರೆ ಅದು. 1890ರ ದಶಕದಲ್ಲಿ ಹೆಸರಘಟ್ಟದಿಂದ ಕೊಳವೆಯಲ್ಲಿ ನೀರು ಬರತೊಡಗಿದ ಮೇಲೆ ಕೆರೆಯ ಮೇಲಿನ ಗಮನ ತಪ್ಪಿತು. ಕೆರೆ ಒಣಗಿ ಸುಭಾಷ್ ನಗರ ಮೈದಾನವಾಯಿತು. 1980ರ ದಶಕದಲ್ಲಿ ಅಲ್ಲಿ ಈಗಿನ ದೊಡ್ಡ ಬಸ್ ನಿಲ್ದಾಣ ಎದ್ದಿತು. ಹತ್ತಿರದ ಟ್ಯಾಂಕ್ ಬಂಡ್ ರಸ್ತೆಯ ಹೆಸರಿನಲ್ಲಿ ಮಾತ್ರ ಕೆರೆ ಏರಿ ಉಳಿದಿದೆ.

ಮೆಜೆಸ್ಟಿಕ್ ಅನ್ನುವುದು ಅಲ್ಲಿದ್ದ ಒಂದು ಚಿತ್ರಮಂದಿರದ ಹೆಸರು. ಆ ಚಿತ್ರಮಂದಿರ ಈಗಿಲ್ಲ. ಸಂತೋಷ್, ನರ್ತಕಿ, ತ್ರಿವೇಣಿ, ಕಪಾಲಿ ಅಂತ ಕೆಂಪೇಗೌಡ ರಸ್ತೆಯ ಸುತ್ತ ಸಾಲು ಚಿತ್ರಮಂದಿರಗಳಿದ್ದವು. ಬೆಂಗಳೂರಿಗೆ ಕೆಲಸಕ್ಕೆ ಹೋದವರು ಅದೇ ನೆಪದಲ್ಲಿ ಒಂದು ಸಿನಿಮಾ ನೋಡಿ ರಾತ್ರಿ ಬಸ್ಸಿಗೆ ಊರಿಗೆ ಮರಳುವುದು ಎಷ್ಟೋ ಜನರ ರೂಢಿಯಾಗಿತ್ತು.

ಈ ಜಾಗದ ದೊಡ್ಡ ಗುಣ ಒಂದೇ. ದೂರದ ಬಸ್ಸು, ಸಿಟಿ ಬಸ್ಸು, ರೈಲು, ಮೂರೂ ಒಂದೇ ಕಡೆ. ಇಳಿದು, ಸುರಂಗ ದಾರಿ ಅಥವಾ ಮೇಲ್ಸೇತುವೆ ಹಿಡಿದು, ನಡೆದು ಇನ್ನೊಂದು ಹತ್ತಬಹುದು. ಕಿರಿಕಿರಿ ಇಲ್ಲವೆಂದಲ್ಲ. ಜೇಬುಗಳ್ಳರು, ದುಪ್ಪಟ್ಟು ಕೇಳುವ ಆಟೋ, ಗಬ್ಬು ವಾಸನೆ ಎಲ್ಲವನ್ನೂ ಬಲ್ಲೆವು. ಆದರೂ ಬೆಳಗಿನ ಜಾವ ಇಳಿದ ಹೆಣ್ಣುಮಗಳು ಅಲ್ಲಿ ಒಬ್ಬಳೇ ಇರುವುದಿಲ್ಲ. ಚಹಾ ಅಂಗಡಿ ತೆರೆದಿರುತ್ತದೆ, ದೀಪ ಇರುತ್ತದೆ, ನಮ್ಮ ಕಡೆಯ ಮಾತು ಕಿವಿಗೆ ಬೀಳುತ್ತದೆ, ಮುಂದಿನ ಬಸ್ಸು ಯಾವುದೆಂದು ಕೇಳಲು ಕಂಡಕ್ಟರ್ ಇರುತ್ತಾನೆ. ಛತ್ರದ ಕೆಲಸವನ್ನು ಒಂದು ಮಟ್ಟಿಗೆ ಈ ನಿಲ್ದಾಣವೇ ಮಾಡುತ್ತಿದೆ.

ಪೀಣ್ಯ ಕಲಿಸಿದ ಪಾಠ

ನಗರದೊಳಗೆ ವಾಹನ ದಟ್ಟಣೆ ಹೆಚ್ಚಾದಾಗ ಅಧಿಕಾರಿಗಳಿಗೆ ಹೊಳೆಯುವ ಉಪಾಯ, ದೂರದ ಬಸ್ಸುಗಳನ್ನು ಊರ ಅಂಚಿನಲ್ಲೇ ನಿಲ್ಲಿಸುವುದು. ಉಪಾಯ ಕೆಟ್ಟದ್ದೇನಲ್ಲ. ಮೈಸೂರು ರಸ್ತೆಯ ಸ್ಯಾಟಲೈಟ್ ನಿಲ್ದಾಣ ಹೀಗೇ ಬಂತು, ನಿಂತಿತು. ಮುಖ್ಯ ರಸ್ತೆಯಲ್ಲೇ ಇದೆ, ಹೊರಗೆ ಕಾಲಿಟ್ಟರೆ ಮಾರುಕಟ್ಟೆ ಕಡೆಗೂ ಮೆಜೆಸ್ಟಿಕ್ ಕಡೆಗೂ ಸಿಟಿ ಬಸ್ಸು ಸಿಗುತ್ತವೆ. ಜನ ಒಪ್ಪಿಕೊಂಡರು.

ಪೀಣ್ಯದಲ್ಲಿ ಹಾಗಾಗಲಿಲ್ಲ. ತುಮಕೂರು ರಸ್ತೆಯ ಕಡೆಯಿಂದ ಬರುವ ಬಸ್ಸುಗಳಿಗಾಗಿ ಅಲ್ಲಿ ಬಸವೇಶ್ವರ ಬಸ್ ನಿಲ್ದಾಣ ಕಟ್ಟಿ, 2014ರಲ್ಲಿ ಉತ್ತರ ಕರ್ನಾಟಕ ಮತ್ತು ಮಲೆನಾಡಿನ ಕಡೆಯ ಹಲವು ಬಸ್ಸುಗಳನ್ನು ಅಲ್ಲಿಗೆ ಕಳಿಸಿದರು. ಕಟ್ಟಡ ದೊಡ್ಡದಿತ್ತು. ಆದರೆ ಪ್ರಯಾಣಿಕರು ಒಪ್ಪಲಿಲ್ಲ. ಹೆಚ್ಚು ಕಾಲ ನಡೆಯದೆ ಬಸ್ಸುಗಳು ಮತ್ತೆ ಮೆಜೆಸ್ಟಿಕ್ ದಾರಿ ಹಿಡಿದವು. ಕಟ್ಟಿದ ನಿಲ್ದಾಣ ಬಣಗುಟ್ಟಿತು.

ಕಾರಣ ಹುಡುಕಲು ದೂರ ಹೋಗಬೇಕಿಲ್ಲ. ಆ ವರ್ಷದ ಮಾರ್ಚ್‌ನಲ್ಲಿ ಪೀಣ್ಯದ ಕಡೆಗೆ ಮೆಟ್ರೋ ಬಂದಿತ್ತು, ನಿಜ. ಆದರೆ ಆ ಮೆಟ್ರೋ ಆಗ ಮಲ್ಲೇಶ್ವರದ ಸಂಪಿಗೆ ರಸ್ತೆಗೆ ನಿಂತು ಹೋಗುತ್ತಿತ್ತು. ಮೆಜೆಸ್ಟಿಕ್ ಮುಟ್ಟಲು ಇನ್ನೂ ಮೂರು ವರ್ಷ ಬೇಕಿತ್ತು. ಅಂದರೆ ರಾತ್ರಿಯಿಡೀ ಬಸ್ಸಿನಲ್ಲಿ ಬಂದವನು ಪೀಣ್ಯದಲ್ಲಿ ಇಳಿದು, ಗಂಟು ಹೊತ್ತು ಮೆಟ್ರೋ ಹತ್ತಿ, ಸಂಪಿಗೆ ರಸ್ತೆಯಲ್ಲಿ ಇಳಿದು, ಮತ್ತೊಂದು ಬಸ್ಸು ಹಿಡಿದರೆ ಮೆಜೆಸ್ಟಿಕ್, ಅಲ್ಲಿಂದ ಮತ್ತೊಂದು ಹತ್ತಿದರೆ ಆಸ್ಪತ್ರೆ. ಒಂದು ಇಳಿತ ಇದ್ದ ಕಡೆ ಮೂರು ಇಳಿತ. ಜೊತೆಯಲ್ಲಿ ರೋಗಿ ಇದ್ದರೆ, ಮಗು ಇದ್ದರೆ ಏನು ಮಾಡಬೇಕು? ನಿಲ್ದಾಣ ಮೊದಲು ಬಂತು, ಅಲ್ಲಿಂದ ಮುಂದಕ್ಕೆ ಹೋಗುವ ದಾರಿ ಆಮೇಲೆ ಬಂತು. ತೋಟದಪ್ಪನವರು ಹಾಕಿದ ಲೆಕ್ಕವನ್ನು ಇಲ್ಲಿ ಯಾರೂ ಹಾಕಲಿಲ್ಲ.

ರೈಲಿನಲ್ಲೂ ಇದೇ ಆಯಿತು. 2022ರ ಜೂನ್‌ನಲ್ಲಿ ಬೈಯಪ್ಪನಹಳ್ಳಿಯಲ್ಲಿ ಸರ್ ಎಂ. ವಿಶ್ವೇಶ್ವರಯ್ಯ ಟರ್ಮಿನಲ್ ಶುರುವಾಯಿತು. ಹವಾನಿಯಂತ್ರಿತ ಕಟ್ಟಡ, ನೋಡಲು ವಿಮಾನ ನಿಲ್ದಾಣದಂತಿದೆ. ಬೈಯಪ್ಪನಹಳ್ಳಿ ಅಂತ ಮೆಟ್ರೋ ನಿಲ್ದಾಣವೂ ಇದೆ. ಹೆಸರು ಒಂದೇ ಆದರೂ ಎರಡೂ ಒಂದೇ ಜಾಗದಲ್ಲಿಲ್ಲ. ರೈಲು ಟರ್ಮಿನಲ್‌ನಿಂದ ಮುಂದೆ ಹೋಗುವುದು ಹೇಗೆ ಅನ್ನುವ ದೂರು ಮೊದಲ ದಿನದಿಂದಲೂ ಕೇಳಿಬಂತು. ಟಿಕೆಟ್ ಮಾಡಿಸುವಾಗ ಕೆಎಸ್‌ಆರ್ ಬೆಂಗಳೂರು, ಯಶವಂತಪುರ, ಎಸ್‌ಎಂವಿಟಿ ಬೆಂಗಳೂರು, ಇವುಗಳಲ್ಲಿ ಯಾವುದು ಅಂತ ನೋಡಿಕೊಳ್ಳಿ ಅನ್ನುವುದು ಇದಕ್ಕೇ.

ಮೆಟ್ರೋ ಒಂದು ಕಡೆ, ಶಕ್ತಿ ಇನ್ನೊಂದು ಕಡೆ

2011ರ ಅಕ್ಟೋಬರ್ 20ರಂದು ಬೈಯಪ್ಪನಹಳ್ಳಿಯಿಂದ ಎಂ.ಜಿ. ರಸ್ತೆಯವರೆಗೆ ಮೊದಲ ಮೆಟ್ರೋ ಓಡಿತು. ಮೆಜೆಸ್ಟಿಕ್ ಬಸ್ ನಿಲ್ದಾಣದ ನೆಲ ಅಗೆದು ಮೆಟ್ರೋ ನಿಲ್ದಾಣ ಕಟ್ಟಿದರು. 2017ರ ಜೂನ್‌ನಲ್ಲಿ ನೇರಳೆ ಮಾರ್ಗ, ಹಸಿರು ಮಾರ್ಗ ಎರಡೂ ಅಲ್ಲಿ ಕೂಡಿದವು. ನೇರಳೆ ಮಾರ್ಗ ಈಗ ಮೈಸೂರು ರಸ್ತೆಯ ಚಲ್ಲಘಟ್ಟದಿಂದ ವೈಟ್‌ಫೀಲ್ಡ್‌ವರೆಗೆ ಹೋಗುತ್ತದೆ. ಹಸಿರು ಮಾರ್ಗ 2024ರ ನವೆಂಬರ್‌ನಲ್ಲಿ ತುಮಕೂರು ರಸ್ತೆಯ ಮಾದಾವರ ಮುಟ್ಟಿತು. 2025ರ ಆಗಸ್ಟ್‌ನಲ್ಲಿ ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರಕ್ಕೆ ಹಳದಿ ಮಾರ್ಗ ಬಂತು. ಜಯದೇವ ಆಸ್ಪತ್ರೆಯ ಹೆಸರಿನಲ್ಲೇ ಅಲ್ಲೊಂದು ನಿಲ್ದಾಣವಿದೆ.

ಎದೆ ನೋವಿನ ಅಪ್ಪನನ್ನು ಜಯದೇವಕ್ಕೆ ಕರೆದೊಯ್ಯುವವರಿಗೆ ಇದು ದೊಡ್ಡ ಅನುಕೂಲ. ಮೆಜೆಸ್ಟಿಕ್‌ನಲ್ಲಿ ಹಸಿರು ಮಾರ್ಗ ಹತ್ತಿ, ಆರ್.ವಿ. ರಸ್ತೆಯಲ್ಲಿ ಹಳದಿಗೆ ಬದಲಾಯಿಸಿದರೆ ಸಿಗ್ನಲ್ಲಿನ ಕಾಟವಿಲ್ಲ.

ಇನ್ನೊಂದು ಕಡೆ, 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂತು. ರಾಜ್ಯದ ಹೆಣ್ಣುಮಕ್ಕಳಿಗೆ ನಾಲ್ಕೂ ನಿಗಮಗಳ ಸಾಮಾನ್ಯ ಮತ್ತು ಎಕ್ಸ್‌ಪ್ರೆಸ್ ಬಸ್ಸುಗಳಲ್ಲಿ ಟಿಕೆಟ್ಟಿಗೆ ದುಡ್ಡಿಲ್ಲ. ಬಿಎಂಟಿಸಿ ಸಾಮಾನ್ಯ ಬಸ್ಸಿಗೂ ಇದು ಅನ್ವಯ. ಅಂದರೆ ಔರಾದಿನ ಅಜ್ಜಿಯೊಬ್ಬಳು ರಾಜ್ಯದ ತುದಿಯಿಂದ ಹೊರಟು, ಬಸ್ಸು ಬದಲಾಯಿಸುತ್ತಾ, ಕಿದ್ವಾಯಿ ಬಾಗಿಲಿನವರೆಗೂ ಕಾಸು ಕೊಡದೆ ಬರಬಹುದು. ಬೆಂಗಳೂರು ದಾರಿಯ ಈ ಇಡೀ ಚರಿತ್ರೆಯಲ್ಲಿ ಇಂಥದ್ದು ಹಿಂದೆ ಆಗಿರಲಿಲ್ಲ.

ಆದರೆ ಶಕ್ತಿ ಮೆಟ್ರೋ ಬಾಗಿಲಲ್ಲಿ ನಿಂತು ಹೋಗುತ್ತದೆ. ಅಲ್ಲಿ ಎಲ್ಲರೂ ದುಡ್ಡು ಕೊಡಬೇಕು. 2025ರ ಫೆಬ್ರವರಿಯಲ್ಲಿ ಮೆಟ್ರೋ ದರ ಏರಿ, ಅತಿ ದೂರದ ಟಿಕೆಟ್ಟು 60 ರೂಪಾಯಿಯಿಂದ 90 ರೂಪಾಯಿಗೆ ಹೋಯಿತು. ಅದೇ ವರ್ಷದ ಜನವರಿಯಲ್ಲಿ ಬಸ್ ದರವೂ ಶೇಕಡ 15ರಷ್ಟು ಏರಿತ್ತು. ಅದು ತಟ್ಟಿದ್ದು ಗಂಡಸರ ಜೇಬಿಗೆ.

ನಾಳೆ ದೂರದ ಬಸ್ಸುಗಳನ್ನು ಮೆಟ್ರೋ ತುದಿಯಲ್ಲೇ ನಿಲ್ಲಿಸೋಣ, ಅಲ್ಲಿಂದ ಜನ ಮೆಟ್ರೋದಲ್ಲಿ ಬರಲಿ ಅನ್ನುವ ಮಾತು ಬಂದರೆ ಈ ಲೆಕ್ಕ ನೆನಪಿರಲಿ. ನಕ್ಷೆಯ ಮೇಲೆ ಅದು ಚೆನ್ನಾಗಿ ಕಾಣುತ್ತದೆ. 2014ಕ್ಕಿಂತ ಈಗ ಮೆಟ್ರೋ ಜಾಲವೂ ದೊಡ್ಡದಾಗಿದೆ. ಆದರೆ ಇಲ್ಲಿಯವರೆಗೆ ಬಿಟ್ಟಿಯಾಗಿ ಮುಗಿಯುತ್ತಿದ್ದ ಹೆಣ್ಣುಮಕ್ಕಳ ಪ್ರಯಾಣದ ಕೊನೆಯ ತುಂಡಿಗೆ ದುಡ್ಡು ಬೀಳುತ್ತದೆ. ವಾರಕ್ಕೊಮ್ಮೆ ಚಿಕಿತ್ಸೆಗೆ ಬರುವ ಮನೆಗೆ ಅದು ಸಣ್ಣ ಮೊತ್ತವಲ್ಲ.

ನಾವು ಕೇಳಬೇಕಾದ್ದು

ಬೆಂಗಳೂರು ಉಪನಗರ ರೈಲಿಗೆ 2022ರ ಜೂನ್‌ನಲ್ಲಿ ಅಡಿಗಲ್ಲು ಬಿತ್ತು. ನಾಲ್ಕು ಮಾರ್ಗ, ಸುಮಾರು 148 ಕಿಲೋಮೀಟರ್. ಹೊಸ ನಿಲ್ದಾಣ, ಹೊಸ ಟರ್ಮಿನಲ್ ಕಟ್ಟುವ ಮಾತು ಮುಂದೆಯೂ ಬರುತ್ತಲೇ ಇರುತ್ತದೆ. ನಮ್ಮ ಶಾಸಕರು, ಸಾರಿಗೆ ಅಧಿಕಾರಿಗಳು ಊರಿಗೆ ಬಂದಾಗ ನಾವು ಸಾಮಾನ್ಯವಾಗಿ ಕೇಳುವುದು ನಮ್ಮೂರಿಗೆ ಇನ್ನೊಂದು ಬಸ್ಸು ಬಿಡಿ ಅಂತ. ಅದು ಬೇಕು. ಅದರ ಜೊತೆಗೆ ಇನ್ನೂ ಮೂರು ಪ್ರಶ್ನೆ ಕೇಳುವುದನ್ನು ಕಲಿಯೋಣ.

ಒಂದು, ಆ ಬಸ್ಸು ಬೆಂಗಳೂರಿನಲ್ಲಿ ಎಲ್ಲಿ ನಿಲ್ಲುತ್ತದೆ? ಎರಡು, ಅದು ಮುಟ್ಟುವ ಹೊತ್ತಿನಲ್ಲಿ ಅಲ್ಲಿಂದ ಮುಂದಕ್ಕೆ ಗಾಡಿ ಇದೆಯೇ? ಮೂರು, ಆ ಕೊನೆಯ ತುಂಡಿಗೆ ಎಷ್ಟು ಖರ್ಚು, ಎಷ್ಟು ಸಲ ಹತ್ತಿ ಇಳಿಯಬೇಕು?

ಕೇಳಿದರೆ ಏನಾಗುತ್ತದೆ ಅನ್ನುವವರಿಗೆ ಒಂದು ಉದಾಹರಣೆ ಇದೆ. ಸೋಮವಾರಗಳಂದೂ ಮೆಟ್ರೋ ಬೆಳಿಗ್ಗೆ ಐದಕ್ಕೆ ಶುರುವಾಗುತ್ತಿತ್ತು. ವಾರದ ಕೊನೆಗೆ ಊರಿಗೆ ಹೋದವರು ಭಾನುವಾರ ರಾತ್ರಿ ಬಸ್ಸು, ರೈಲು ಹತ್ತಿ ಸೋಮವಾರ ನಸುಕಿನಲ್ಲೇ ಬೆಂಗಳೂರು ಮುಟ್ಟುತ್ತಾರೆ. ಮೆಟ್ರೋ ಬಾಗಿಲು ತೆರೆಯುವವರೆಗೆ ಗಂಟಿನ ಜೊತೆ ಕಾಯಬೇಕಿತ್ತು, ಇಲ್ಲವೇ ಆಟೋದವನು ಕೇಳಿದಷ್ಟು ಕೊಡಬೇಕಿತ್ತು. 2025ರ ಜನವರಿ 13ರಿಂದ ಸೋಮವಾರಗಳಂದು ಮೆಟ್ರೋ ಬೆಳಗಿನ ಜಾವ 4.15ಕ್ಕೇ ಶುರು ಮಾಡಲು ನಿರ್ಧರಿಸಿತು. ಊರಿಂದ ಬರುವವರಿಗೆ ಅನುಕೂಲವಾಗಲಿ ಅನ್ನುವುದೇ ಅದಕ್ಕೆ ಕೊಟ್ಟ ಕಾರಣ.

ವಾರದಲ್ಲಿ ಒಂದೇ ದಿನ, ಬರೀ ಮುಕ್ಕಾಲು ಗಂಟೆಯ ಬದಲಾವಣೆ. ಇನ್ನುಳಿದ ಆರು ದಿನವೂ ಆಸ್ಪತ್ರೆಗೆ, ಕೆಲಸಕ್ಕೆ, ಸಂದರ್ಶನಕ್ಕೆ ಅಂತ ಜನ ನಸುಕಿನಲ್ಲಿ ಇಳಿಯುತ್ತಲೇ ಇದ್ದಾರೆ. ಅವರ ಪರವಾಗಿಯೂ ಯಾರಾದರೂ ಕೇಳಬೇಕು.